ಮುಂದಿನಿಂದ ಕಿರ್ದಿ, ಹಿಂದಿನಿಂದ ಖಾತೆ

ಪ್ರಶ್ನೆ: ಈ ವರ್ಷ ಪ್ರೌಢಶಾಲೆಗೆ ಗಣಿತ ಶಿಕ್ಷಕಿಯಾಗಿ ಸೇರಿದ್ದೇನೆ. ಮಕ್ಕಳು ಬೋರ್ಡಿನಲ್ಲಿ ಇದ್ದದ್ದನ್ನೆಲ್ಲ ಬರೆದುಕೊಳ್ಳುತ್ತಾರೆ. ಆದರೆ ಪರೀಕ್ಷೆ ಹತ್ತಿರ ಬಂದರೆ ತಮ್ಮ ನೋಟ್ ಬುಕ್ ಬಿಟ್ಟು ಗೈಡ್ ಹುಡುಕುತ್ತಾರೆ. ನೋಟ್ ಬುಕ್ ಅವರಿಗೇ ಉಪಯೋಗಕ್ಕೆ ಬರುವಂತೆ ಮಾಡುವುದು ಹೇಗೆ?

ಮೇಡಂ, ನಾನು ದಾವಣಗೆರೆ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನೀವು ಕೇಳಿದ್ದನ್ನು ನಾನೂ ಬಹಳ ವರ್ಷ ಕೇಳಿಕೊಂಡಿದ್ದೇನೆ. ಕೊನೆಗೆ ಉತ್ತರ ಸಿಕ್ಕಿದ್ದು ನಮ್ಮಪ್ಪ ಕೆಲಸ ಮಾಡುತ್ತಿದ್ದ ದಲ್ಲಾಳಿ ಮಂಡಿಯ ನೆನಪಿನಲ್ಲಿ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಪುಸ್ತಕ ಅಂದವಾಗಿದ್ದರೆ ಸಾಕಿತ್ತು. ಬೈಂಡ್ ಹಾಕಿರಬೇಕು, ಮಾರ್ಜಿನ್ ಎಳೆದಿರಬೇಕು, ಚಿತ್ತುಕಾಟು ಇರಬಾರದು. ಒಬ್ಬ ಹುಡುಗಿಯ ಪುಸ್ತಕವನ್ನು ಇಡೀ ತರಗತಿಗೆ ಎತ್ತಿ ತೋರಿಸುತ್ತಿದ್ದೆ. ಮುತ್ತು ಪೋಣಿಸಿದ ಹಾಗಿನ ಅಕ್ಷರ. ಒಂದು ದಿನ ಅದೇ ಪುಸ್ತಕದ ಲೆಕ್ಕವೊಂದರ ಅಂಕಿ ಬದಲಿಸಿ, ಬೋರ್ಡಿನ ಮೇಲೆ ಮಾಡು ಅಂದೆ. ಎರಡನೇ ಸಾಲಿಗೇ ನಿಂತಳು. "ನೋಟ್ಸ್ ನೋಡ್ಕೊಂಡು ಮಾಡಮ್ಮ" ಅಂದೆ. ಪುಟ ತಿರುವಿದಳು, ತಿರುವಿದಳು, ಆ ಲೆಕ್ಕ ಎಲ್ಲಿದೆ ಅಂತಲೇ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು. ಆಕೆ ಹೆಣಗಾಡಿದ್ದೆಲ್ಲ ರಫ್ ಬುಕ್ಕಿನಲ್ಲಿ ಉಳಿದಿತ್ತು. ಫೇರ್ ಬುಕ್ ನನ್ನ ಕೆಂಪು ಪೆನ್ನಿಗೋಸ್ಕರ ಬರೆದದ್ದು. ಅದು ಆ ಮಗುವಿನ ತಪ್ಪಲ್ಲ, ನಾನು ಕೇಳಿದ್ದನ್ನೇ ಕೊಟ್ಟಿದ್ದಳು.

ನಮ್ಮಪ್ಪ ಮಂಡಿಯಲ್ಲಿ ಗುಮಾಸ್ತರು. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಷ್ಟು ಗಾಡಿ ಬಂದರೂ ಅವರ ಲೆಕ್ಕ ತಪ್ಪುತ್ತಿರಲಿಲ್ಲ. ಎರಡು ಪುಸ್ತಕ ಇಡುತ್ತಿದ್ದರು. ಕಿರ್ದಿಯಲ್ಲಿ ಆ ದಿನ ನಡೆದದ್ದು ನಡೆದ ಹಾಗೆಯೇ, ತಾರೀಖಿನ ಪ್ರಕಾರ. ಖಾತೆಯಲ್ಲಿ ಒಬ್ಬೊಬ್ಬ ರೈತನಿಗೂ ಬೇರೆ ಪುಟ. ಸಂಜೆ ಕೂತು ಕಿರ್ದಿಯಿಂದ ಖಾತೆಗೆ ಹತ್ತಿಸುವರು, ಪಕ್ಕದಲ್ಲಿ ಪುಟದ ನಂಬರ್ ಹಾಕುವರು. ಯಾರಾದರೂ ಬಂದು "ನನ್ ಬಾಕಿ ಎಷ್ಟೈತಿ ನೋಡ್ರಿ" ಅಂದರೆ ಅರ್ಧ ನಿಮಿಷದಲ್ಲಿ ಪುಟ ತೆರೆಯುತ್ತಿತ್ತು. ಬರೆದದ್ದು ತಪ್ಪಾದರೆ ಅಳಿಸುವಂತಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು. ಅಳಿಸಿದ ಕಿರ್ದಿಯನ್ನು ಯಾರು ನಂಬುತ್ತಾರೆ ಅನ್ನೋರು.

ಗಣಿತಕ್ಕೂ ಇದಕ್ಕೂ ನಂಟು ಹಳೆಯದು. 1494ರಲ್ಲಿ ಲೂಕಾ ಪಾಚೊಲಿ ಎಂಬ ಇಟಲಿಯ ಗಣಿತ ಮೇಷ್ಟ್ರು ಕಿರ್ದಿ, ಖಾತೆ ಬರೆಯುವ ಕ್ರಮವನ್ನು ವೆನಿಸ್‌ನಲ್ಲಿ ಅಚ್ಚು ಹಾಕಿಸಿದ. ಅದೂ ತನ್ನ ಗಣಿತದ ಪುಸ್ತಕದ ಒಳಗೇ. ಖಾತೆಗೆ ಹೆಸರುಗಳ ಪಟ್ಟಿ ಇರಬೇಕು ಅಂತ ಆಗಲೇ ಹೇಳಿದ್ದ. ಇದನ್ನು ಮಕ್ಕಳಿಗೆ ಹೇಳಿದಾಗ ಅವರ ಮುಖ ನೋಡಬೇಕು.

ಈಗ ನಮ್ಮ ಮಕ್ಕಳು 200 ಪುಟದ ಒಂದೇ ಪುಸ್ತಕದಲ್ಲಿ ಎರಡನ್ನೂ ಇಡುತ್ತಾರೆ. ಮುಂದಿನಿಂದ ಕಿರ್ದಿ, ಹಿಂದಿನಿಂದ ಖಾತೆ. ರಫ್ ಬುಕ್ ಅಂತ ಬೇರೆ ಇಲ್ಲ. ಜೂನ್‌ನಲ್ಲಿ ಒಂದು ಪೀರಿಯಡ್ ಪೂರ್ತಿ ಪುಟಕ್ಕೆ ನಂಬರ್ ಹಾಕಿಸುವುದೇ ಕೆಲಸ. ಸಮಯ ಹಾಳು ಅಂತ ಅನಿಸಬಹುದು. ಖಂಡಿತ ಅಲ್ಲ. ಮೊದಲ ಎರಡು ಪುಟ ಪರಿವಿಡಿಗೆ ಖಾಲಿ.

ಕಿರ್ದಿಯಲ್ಲಿ ತಾರೀಖು, ಪಾಠ, ಆ ದಿನದ ಲೆಕ್ಕ. ತಪ್ಪಿದ ಪ್ರಯತ್ನವೂ ಅಲ್ಲೇ ಇರಬೇಕು, ಒಂದು ಗೆರೆ ಹೊಡೆದು. ಅಂದಕ್ಕೆ ನಾನು ಈಗಲೂ ಒಂದೇ ಒಂದು ವಿಷಯದಲ್ಲಿ ಹಟ ಮಾಡುತ್ತೇನೆ: ಒಂದು ಸಾಲಿಗೆ ಒಂದೇ ಹಂತ, ಸಮ ಚಿಹ್ನೆ ಒಂದರ ಕೆಳಗೆ ಒಂದು. ಹಾಗಿದ್ದರೆ ತಪ್ಪು ಎಲ್ಲಿ ನುಸುಳಿತು ಅಂತ ಮಗುವಿಗೇ ಕಾಣುತ್ತದೆ. ಜೋಳ ಮುರಿಯುವ ಕಾಲಕ್ಕೆ ಹೊಲಕ್ಕೆ ಹೋಗಿ ಶಾಲೆ ತಪ್ಪಿಸಿಕೊಂಡವರು ಆ ತಾರೀಖು ಬರೆದು ಎರಡು ಪುಟ ಬಿಟ್ಟಿರುತ್ತಾರೆ. ಆಮೇಲೆ ಗೆಳೆಯರನ್ನು ಕೇಳಿ ತುಂಬಿಸುತ್ತಾರೆ.

ಪ್ರಾಣ ಇರುವುದು ಖಾತೆಯಲ್ಲಿ. ಅಧ್ಯಾಯಕ್ಕೆ ಒಂದು ಹಾಳೆ. ತನ್ನ ಮಾತಿನಲ್ಲಿ ವಿಷಯ, ತಾನೇ ಮಾಡಿದ ಒಂದು ಲೆಕ್ಕ, ತಾನು ಬಿದ್ದ ಒಂದು ಗುಂಡಿ. ಉದಾಹರಣೆಗೆ ಸಮಾಂತರ ಶ್ರೇಢಿ ನೋಡಿ. 5, 8, 11 ಹೀಗೆ ಹೋಗುವ ಸಾಲಿನ 20ನೇ ಪದ ಕೇಳಿದರೆ ಬಹಳ ಮಕ್ಕಳು 5 + 20 × 3 ಅಂತ ಮಾಡಿ 65 ಬರೆಯುತ್ತಾರೆ. ಉತ್ತರ 62, ಯಾಕಂದರೆ 3 ಕೂಡಿಸುವುದು 19 ಸಲ ಮಾತ್ರ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕೆಲವರಿಗೆ ನಿಲ್ಲುತ್ತಿರಲಿಲ್ಲ. ಒಬ್ಬ ಹುಡುಗ ತನ್ನ ಖಾತೆಯಲ್ಲಿ ಹೀಗೆ ಬರೆದಿದ್ದ: "20 ಕಲ್ಲು ಕಂಬ ನೆಟ್ಟರೆ ನಡುವೆ ಸಂದು 19. ಸಂದು ಎಣಿಸಬೇಕು, ಕಂಬ ಅಲ್ಲ." ಕೆಳಗೆ ತನ್ನ 65ಕ್ಕೆ ಗೆರೆ, ಪಕ್ಕದಲ್ಲಿ 62, "ಪುಟ 37 ನೋಡು". ಆ ವಾರ ಅವರ ಹೊಲಕ್ಕೆ ಬೇಲಿ ಹಾಕಿದ್ದರಂತೆ. ಆ ಹುಡುಗ ಆ ಲೆಕ್ಕವನ್ನು ಮತ್ತೆ ತಪ್ಪಲಿಲ್ಲ.

ಇನ್ನೊಬ್ಬಳು 3 ಮತ್ತು 4 ಕೂಡಿಸಿ ವರ್ಗ ಮಾಡಿದರೆ 49, ಬೇರೆ ಬೇರೆ ವರ್ಗ ಮಾಡಿ ಕೂಡಿಸಿದರೆ 25 ಅಂತ ಬರೆದು, "ಕಾಣೆಯಾದ 24 ಎಲ್ಲಿ?" ಅಂತ ಕೇಳಿಕೊಂಡಿದ್ದಳು. 2 × 3 × 4. ಎರಡು ಪದ ಕೂಡಿಸಿ ವರ್ಗ ಮಾಡುವಾಗ ನಡುವಿನ ಪದ ಬಿಡುವ ಚಾಳಿಗೆ ಇದಕ್ಕಿಂತ ಒಳ್ಳೆ ಮದ್ದು ನನ್ನ ಹತ್ತಿರ ಇಲ್ಲ.

ದಯವಿಟ್ಟು ಖಾತೆಯನ್ನು ಬೋರ್ಡಿನ ಮೇಲೆ ಬರೆದುಕೊಡಬೇಡಿ. ಕೈ ತುರಿಸುತ್ತದೆ, ಗೊತ್ತು. ಮೊದಮೊದಲು ಮಕ್ಕಳು "ಸೂತ್ರ ಚೆನ್ನಾಗಿ ನೆನಪಿಡಬೇಕು" ಅಂತ ಸುಮ್ನೆ ಏನೋ ಬರೆಯುತ್ತಾರೆ. ಆಗ ನಾನು ಕೇಳುವುದು ಒಂದೇ: ಜ್ವರ ಬಂದು ನಿನ್ನೆ ಬಾರದ ಗೆಳತಿಗೆ ಇದನ್ನು ಫೋನಿನಲ್ಲಿ ಹೇಗೆ ಹೇಳ್ತೀಯ? ಬಾಯಲ್ಲಿ ಹೇಳುತ್ತಾರೆ. ಅದನ್ನೇ ಬರಿ ಅನ್ನುತ್ತೇನೆ. ಎರಡು ತಿಂಗಳು ಬೇಕು, ತಾಳ್ಮೆ ಇರಲಿ.

ಶನಿವಾರ ಬೆಳಗಿನ ತರಗತಿಯಲ್ಲಿ ಹತ್ತು ನಿಮಿಷ ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ. ಮಂಗಳವಾರದ ಎರಡನೇ ಲೆಕ್ಕದ ಉತ್ತರ ಎಷ್ಟು? ಸ್ಪರ್ಶಕದ ಬಗ್ಗೆ ಬರೆದದ್ದು ಯಾವ ಪುಟದಲ್ಲಿದೆ? ಹೋದ ವಾರ ತಪ್ಪಿದ ಲೆಕ್ಕವೊಂದನ್ನು ಈಗ ಮಾಡಿ ತೋರಿಸು. ಪುಸ್ತಕ ನೆಟ್ಟಗೆ ಇಟ್ಟವರಿಗೆ ಪೂರ್ತಿ ಅಂಕ ಸಿಗುತ್ತದೆ. ಗೈಡ್ ಮರೆತು ತಮ್ಮ ಪುಸ್ತಕ ತೆರೆಯಲು ಶುರು ಮಾಡಿದ್ದೇ ಈ ಹತ್ತು ನಿಮಿಷದಿಂದ.

ತಿದ್ದುವ ಭಾರ ಜಾಸ್ತಿ ಆಗಲ್ವಾ ಅಂತ ನೀವು ಕೇಳಬಹುದು. ಕಡಿಮೆ ಆಗುತ್ತದೆ. ನಾನು ದಿನಕ್ಕೆ ಆರೇಳು ಪುಸ್ತಕ ತೆಗೆದುಕೊಂಡು ಖಾತೆ ಮಾತ್ರ ಓದುತ್ತೇನೆ. ರೈಟ್ ಗುರುತಿಗಿಂತ ಒಂದು ಪ್ರಶ್ನೆ ಬರೆಯುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20ಕ್ಕೆ ದಾಖಲೆ ಕೇಳಿದರೂ ಪುಟ ನಂಬರ್ ಇರುವ ಈ ಪುಸ್ತಕವನ್ನೇ ಮುಂದಿಡುತ್ತೇನೆ.

ವರ್ಷ ಶುರುವಾಗಿಬಿಟ್ಟಿದೆ ಅಂತ ಮುಂದಿನ ಜೂನ್‌ವರೆಗೆ ಕಾಯಬೇಡಿ. ಹೊಸ ಪುಸ್ತಕ ತರಿಸಲೂ ಬೇಡಿ, ಎಷ್ಟೋ ಮನೆಗೆ ಅದೇ ಭಾರ. ಇರುವ ಪುಸ್ತಕಕ್ಕೇ ನಾಳೆ ನಂಬರ್ ಹಾಕಿಸಿ, ಹಿಂದಿನಿಂದ ಒಂದು ಹಾಳೆ ಖಾತೆಗೆ ಅಂತ ಇಡಿಸಿ, ಈಗ ನಡೆಯುತ್ತಿರುವ ಅಧ್ಯಾಯದ ಹೆಸರು ಬರೆಸಿ. ಯಾವ ಅಧ್ಯಾಯ ಅಂತ ಇಲ್ಲೇ ತಿಳಿಸಿದರೆ ನಮ್ಮ ಮಕ್ಕಳು ಅದಕ್ಕೆ ಬರೆದುಕೊಂಡ ಒಂದೆರಡು ಖಾತೆ ಪುಟಗಳ ಫೋಟೋ ಹಾಕುತ್ತೇನೆ, ಹೆಸರು ಕಾಣದ ಹಾಗೆ.