ಓದುಗರ ಪ್ರಶ್ನೆ: ಬೋಟ್ ಎಂಜಿನ್ನಿನ ಡೀಸೆಲ್ ಫಿಲ್ಟರ್ ಕಟ್ಟಿಕೊಳ್ಳುತ್ತಿದೆಯೇ?

ಪ್ರಶ್ನೆ: ಇಷ್ಟು ಗಂಟೆ ಓಡಿದ ಮೇಲೆ ಎಂದು ಲೆಕ್ಕ ಇಟ್ಟು ಫಿಲ್ಟರ್ ಬದಲಿಸುತ್ತೇವೆ. ಆದರೂ ಅಲೆ ಜೋರಿದ್ದ ದಿನ ಎಂಜಿನ್ ಸೊರಗಿ ನಿಂತೇಬಿಡುತ್ತದೆ. ಮೊದಲೇ ಸುಳಿವು ಸಿಗುವ ದಾರಿ ಇದೆಯೇ?

ಉತ್ತರ: ಇದೆ. ಗಂಟೆಯ ಲೆಕ್ಕ ಬೇಕು, ಆದರೆ ಅದೊಂದೇ ಸಾಲದು. ಟ್ಯಾಂಕಿನ ತಳದ ಗಸಿ ಶಾಂತ ನೀರಿನಲ್ಲಿ ಅಲುಗದೆ ಕೂತಿರುತ್ತದೆ. ಬೋಟು ಹೊಯ್ದಾಡಿದಾಗ ಅಷ್ಟೂ ಕದಡಿ ಒಮ್ಮೆಲೇ ಫಿಲ್ಟರಿಗೆ ಬಂದು ಬಡಿಯುತ್ತದೆ. ಎಂಜಿನ್ ಅತ್ಯಗತ್ಯವಾದ ಹೊತ್ತೂ ಅದೇ.

ಟ್ಯಾಂಕಿನ ಕಡೆಯ ಮೊದಲ ಫಿಲ್ಟರ್ ಮತ್ತು ಡೀಸೆಲ್ ಎಳೆಯುವ ಲಿಫ್ಟ್ ಪಂಪ್ ನಡುವೆ ಒಂದು ವ್ಯಾಕ್ಯೂಮ್ ಗೇಜ್ (ಹೀರುವ ಬಲ ತೋರಿಸುವ ಮಾಪಕ) ಕೂರಿಸಿ. ಫಿಲ್ಟರ್ ಕಟ್ಟಿಕೊಂಡಷ್ಟೂ ಪಂಪ್ ಹೆಚ್ಚು ಬಲದಿಂದ ಎಳೆಯಬೇಕು, ಮುಳ್ಳು ಅಷ್ಟೂ ಮೇಲೇರುತ್ತದೆ. ಓದುವುದು ಮಾತ್ರ ಪೂರ್ತಿ ಥ್ರಾಟಲ್‌ನಲ್ಲಿ, ಗೇರ್ ಹಾಕಿ ಓಡುತ್ತಿರುವಾಗ. ಐಡ್ಲಿಂಗ್‌ನಲ್ಲಿ ಡೀಸೆಲ್ ಹರಿವು ಕಡಿಮೆ. ಅರ್ಧ ಕಟ್ಟಿದ ಫಿಲ್ಟರ್ ಕೂಡ ಆಗ ಚೆನ್ನಾಗಿರುವಂತೆಯೇ ಕಾಣುತ್ತದೆ.

ಹೊಸ ಫಿಲ್ಟರ್ ಹಾಕಿದ ದಿನವೇ ಮುಳ್ಳು ಎಲ್ಲಿದೆ ನೋಡಿ, ತಾರೀಖಿನ ಜೊತೆ ಫಿಲ್ಟರ್ ಮೈಮೇಲೇ ಬರೆದಿಡಿ. ಈ ಆರಂಭದ ಅಂಕಿ ಬೋಟಿನಿಂದ ಬೋಟಿಗೆ ಬೇರೆ, ಏಕೆಂದರೆ ಟ್ಯಾಂಕಿನ ಮಟ್ಟ ಪಂಪಿಗಿಂತ 1 ಮೀಟರ್ ಕೆಳಗಿದ್ದರೆ ಎತ್ತುವುದಕ್ಕೇ ಸುಮಾರು 2.5 ಇಂಚು ಪಾದರಸದಷ್ಟು (ಗೇಜಿನ ಅಳತೆಯ ಮಾನ) ವ್ಯಾಕ್ಯೂಮ್ ಬೇಕು. ಆರಂಭದ ಅಂಕಿಗಿಂತ 3–4 ಇಂಚು ಏರಿತೆಂದರೆ ಹೊಸ ಎಲಿಮೆಂಟ್ (ಫಿಲ್ಟರಿನೊಳಗೆ ಬದಲಿಸುವ ಸೋಸುಭಾಗ) ಸಿದ್ಧವಿಟ್ಟುಕೊಳ್ಳಿ. ಗೇಜ್ 7–8 ಇಂಚು ಮುಟ್ಟಿದರೆ ತಡಮಾಡದೆ ಬದಲಿಸಿ. ಎಂಜಿನ್ ಕೈಪಿಡಿ ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ. ಏರಿದ ಗರಿಷ್ಠ ಅಂಕಿಯಲ್ಲೇ ನಿಲ್ಲುವ ಎರಡನೇ ಮುಳ್ಳಿರುವ ಗೇಜ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಚುಕ್ಕಾಣಿ ಹಿಡಿದವರು ಎಂಜಿನ್ ಕೋಣೆಗೆ ಇಣುಕಬೇಕಿಲ್ಲ, ಓಟ ಮುಗಿದ ಮೇಲೆ ನೋಡಿದರಾಯಿತು.

ಪ್ರಶ್ನೆ: ಹೊಸ ಫಿಲ್ಟರ್ ಹಾಕಿದರೂ ಗೇಜ್ ಇಳಿಯುತ್ತಿಲ್ಲ. ಇನ್ನೊಂದು ಬೋಟಿನಲ್ಲಿ ಗೇಜ್ ಸರಿಯಿದೆ, ಆದರೆ ಆರ್‌ಪಿಎಂ ಬೀಳುತ್ತದೆ.

ಉತ್ತರ: ಮೊದಲನೆಯದರಲ್ಲಿ ತಡೆ ಫಿಲ್ಟರಿಗಿಂತ ಹಿಂದೆ, ಟ್ಯಾಂಕಿನ ಕಡೆ ಇದೆ. ಅರ್ಧ ಮುಚ್ಚಿದ ವಾಲ್ವ್, ಹೀರುಕೊಳವೆಯ ತುದಿಯ ಜಾಲರಿ, ಒಳಪದರ ಕಿತ್ತುಬಂದ ಹೋಸ್, ಕಟ್ಟಿಕೊಂಡ ಟ್ಯಾಂಕ್ ವೆಂಟ್ (ಗಾಳಿ ಕಿಂಡಿ) ಇವನ್ನೆಲ್ಲ ನೋಡಿ. ಟ್ಯಾಂಕ್ ಮುಚ್ಚಳ ಸಡಿಲಿಸಿದ ಕೂಡಲೇ ಮುಳ್ಳು ಇಳಿದರೆ ದೋಷ ವೆಂಟಿನದು.

ಎರಡನೆಯದರಲ್ಲಿ ಪಂಪಿನ ಆಚೆಗಿರುವ ಎಂಜಿನ್ ಮೇಲಿನ ಫಿಲ್ಟರನ್ನು ಶಂಕಿಸಿ. ಅದು ಒತ್ತಡದ ಬದಿಯಲ್ಲಿರುವುದರಿಂದ ಈ ಗೇಜಿಗೆ ಕಾಣುವುದಿಲ್ಲ. ಅದೂ ಸರಿಯಿದ್ದರೆ ಗಾಳಿ ಸೋರಿಕೆ ಅಥವಾ ಸೋತ ಪಂಪ್. ಹೀರುವ ಬದಿಯಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಕಣ್ಣಿಗೆ ಒದ್ದೆ ಕಾಣದು. ಪಂಪಿನ ಮುಂಚೆ ಸ್ವಲ್ಪ ಹೊತ್ತು ಪಾರದರ್ಶಕ ಹೋಸ್ ಹಾಕಿ ನೋಡಿದರೆ ಗುಳ್ಳೆಗಳು ಕಾಣುತ್ತವೆ. ಬಹಳ ಸಲ ಕಾರಣ ಮರುಬಳಸಿದ ಹಳೆಯ ಗ್ಯಾಸ್ಕೆಟ್! ಎಲಿಮೆಂಟ್ ಜೊತೆಗೆ ಬಂದ ಹೊಸ ರಿಂಗಿಗೆ ಡೀಸೆಲ್ ಸವರಿ ಕೂರಿಸಿ.

ಪ್ರಶ್ನೆ: ಫಿಲ್ಟರ್ ಬಟ್ಟಲಿನ ತಳದಲ್ಲಿ ಕಪ್ಪು ಲೋಳೆ ಕಾಣುತ್ತಿದೆ. ಏನದು?

ಉತ್ತರ: ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು. ಬಟ್ಟಲಿನ ಕೆಳಗಿನ ಡ್ರೇನ್ ತೆರೆದು ಸ್ವಚ್ಛ ಡೀಸೆಲ್ ಬರುವವರೆಗೆ ಗಾಜಿನ ಜಾಡಿಗೆ ಹರಿಸಿ, ಸ್ವಲ್ಪ ಹೊತ್ತು ಬಿಡಿ. ನೀರು ಕೆಳಗೆ ಪ್ರತ್ಯೇಕವಾಗಿ ನಿಲ್ಲುತ್ತದೆ. ಬಯೊಸೈಡ್ (ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಾಸಾಯನಿಕ) ಹಾಕಿದರೆ ಸತ್ತ ಲೋಳೆಯೆಲ್ಲ ಫಿಲ್ಟರಿಗೇ ಬರುವುದರಿಂದ ಮೊದಲು ಟ್ಯಾಂಕಿನ ತಳದ ನೀರು ತೆಗೆಸಿ. ಆಮೇಲಿನ ಕೆಲವು ಓಟಗಳಿಗೆ 2–3 ಎಲಿಮೆಂಟ್ ಹೆಚ್ಚುವರಿಯಾಗಿ ಬೋಟಿನಲ್ಲೇ ಇರಲಿ.