ಮೀನನ್ನು ಕೊಲ್ಲದೆ, ಬರೀ ರಕ್ತ ನೋಡಿ ಹೊಳೆ ನೀರು ಕೆಟ್ಟಿದೆಯಾ ಅಂತ ಹೇಳಬಹುದಾ?

ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಪ್ರಾಜೆಕ್ಟ್ ಮಾಡಬೇಕು, ಮೀನು ಕೊಲ್ಲೋಕೆ ಮನಸ್ಸಿಲ್ಲ, ರಕ್ತದ ಎಂಜೈಮ್ ನೋಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕು. ಆದರೆ ಯಾವ ವಿಷ ಹುಡುಕುತ್ತಿದ್ದೀರಿ ಅನ್ನೋದನ್ನು ಮೊದಲು ತೀರ್ಮಾನಿಸಿ. ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದಿ ಲ್ಯಾಬಲ್ಲೇ ಕೆಲಸ ಮಾಡುವವನಾಗಿ ಹೇಳ್ತಿದ್ದೇನೆ, ಎಲ್ಲ ವಿಷಕ್ಕೂ ಒಂದೇ ಎಂಜೈಮ್ ಸಾಲೋದಿಲ್ಲ.

ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕ ಇದೆಯಾ ಅಂತ ನೋಡೋಕೆ ಕೋಲಿನೆಸ್ಟರೇಸ್ ಅನ್ನೋ ಎಂಜೈಮ್ ಒಳ್ಳೆಯದು. ಆ ವಿಷ ಎಂಜೈಮಿನ ಕೆಲಸವನ್ನೇ ತಡೆದುಬಿಡುತ್ತದೆ. ಸಾಮಾನ್ಯವಾಗಿ ಇದನ್ನು ಮಿದುಳಿನಲ್ಲಿ ಅಳೆಯುತ್ತಾರೆ, ಅದಕ್ಕೆ ಮೀನು ಸಾಯಲೇಬೇಕು. ಪ್ಲಾಸ್ಮಾದಲ್ಲೂ, ಅಂದರೆ ರಕ್ತದ ಕಣ ಬಿಟ್ಟು ಉಳಿದ ದ್ರವದಲ್ಲೂ, ಸಿಗುವುದರಿಂದ ರಕ್ತದಲ್ಲೇ ನೋಡಬಹುದು. 1961ರಲ್ಲಿ ಎಲ್‌ಮನ್ ಮತ್ತು ಜೊತೆಗಾರರು ಕೊಟ್ಟ ವಿಧಾನ ಈಗಲೂ ನಡೆಯುತ್ತಿದೆ: ಎಂಜೈಮ್ ಕೆಲಸ ಮಾಡಿದಂತೆ ದ್ರಾವಣ ಹಳದಿಯಾಗುತ್ತಾ ಹೋಗುತ್ತದೆ, ಆ ವೇಗವನ್ನು 412 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಲ್ಲಿ ಓದುತ್ತೀರಿ. ಹಳದಿ ನಿಧಾನವಾಗಿ ಬಂದರೆ ಎಂಜೈಮ್ ಕುಂದಿದೆ ಅಂತ. ಒಂದು ತೊಂದರೆ ಅಂದರೆ, ಪ್ಲಾಸ್ಮಾದ್ದು ಮಿದುಳಿನದ್ದಕ್ಕಿಂತ ಬೇಗ ಚೇತರಿಸಿಕೊಳ್ಳುತ್ತದೆ. ಹಳೆಯ ವಿಷದ ಸುಳಿವು ಅದರಲ್ಲಿ ಉಳಿದಿರೋದಿಲ್ಲ.

ಶಿರಸಿ ಕಡೆ ಅಡಿಕೆ ತೋಟದಿಂದ ಇಳಿದು ಬರುವುದು ಮುಖ್ಯವಾಗಿ ಬೋರ್ಡೋ ಅಲ್ವಾ? ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣ. ಅದು ತಾಮ್ರ. ಅದಕ್ಕೆ ಕೋಲಿನೆಸ್ಟರೇಸ್ ಹಿಡಿದು ಕೂರಬೇಡಿ. ತಾಮ್ರ ಜಾಸ್ತಿಯಾದರೆ ಸಿಹಿನೀರಿನ ಮೀನಿನ ಕಿವಿರು ಸೋಡಿಯಂ ಹೀರಲಾರದು, ಪ್ಲಾಸ್ಮಾದ ಸೋಡಿಯಂ ಇಳಿಯುತ್ತದೆ. ಸೀಸವಾದರೆ ಕೆಂಪುಕಣದ ಅಲಾಡ್ ಎಂಜೈಮ್ ನೋಡಿ. ಎಎಲ್‌ಟಿ, ಎಎಸ್‌ಟಿ ಅನ್ನೋ ಎಂಜೈಮ್ ರಕ್ತದಲ್ಲಿ ಏರಿದರೆ ಯಕೃತ್ತಿಗೆ ಪೆಟ್ಟಾಗಿರಬಹುದು ಅನ್ನೋದಷ್ಟೇ ತಿಳಿಯುತ್ತದೆ, ಪೆಟ್ಟು ಕೊಟ್ಟಿದ್ದು ಯಾವುದು ಅಂತ ಅಲ್ಲ.

ರಕ್ತ ತೆಗೆಯೋದು ಬಾಲದ ಬುಡದಲ್ಲಿ. ಲವಂಗದ ಎಣ್ಣೆಯನ್ನು ಸ್ವಲ್ಪ ಆಲ್ಕೋಹಾಲ್‌ನಲ್ಲಿ ಕರಗಿಸಿ ನೀರಿಗೆ ಹಾಕಿ, ಮೀನು ಮಗುಚಿ ಸುಮ್ನಾದ ಮೇಲೆ ಒದ್ದೆ ಬಟ್ಟೆಯಲ್ಲಿ ಹಿಡಿಯಿರಿ. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು) ಸವರಿದ ಸಣ್ಣ ಸೂಜಿಯನ್ನು ಅಡಿಯಿಂದ ಬೆನ್ನುಮೂಳೆ ತಾಗುವವರೆಗೆ ತೂರಿಸಿ, ಕೂದಲೆಳೆಯಷ್ಟು ಹಿಂದೆಳೆದು ರಕ್ತವನ್ನು ನಿಧಾನ ಎಳೆಯಿರಿ. ರಭಸದಿಂದ ಎಳೆದರೆ ಕೆಂಪುಕಣ ಒಡೆದು ಮಾದರಿ ಹಾಳು. ಕಿಲೋ ತೂಕಕ್ಕೆ ಒಂದು ಮಿಲಿ ಮೀರಬೇಡಿ. ಹಾಗಾಗಿ ಬೆರಳುದ್ದದ ಮೀನು ಇದಕ್ಕಾಗದು, ಕೈತುಂಬುವ ಶೇವ್ಟೆ (ಮಲೆಟ್ ಮೀನು) ಬೇಕು. ಎಚ್ಚರಾಗಿ ನೆಟ್ಟಗೆ ಈಜುವವರೆಗೆ ಬಕೆಟ್ಟಲ್ಲಿಟ್ಟು ಆಮೇಲೆ ಬಿಡಿ. ಕುಮಟಾ ಮಾರ್ಕೆಟ್ಟಿನ ಸತ್ತ ಮೀನಿನ ರಕ್ತ ದಯವಿಟ್ಟು ಬೇಡ.

ನಿಜವಾದ ಕಷ್ಟ ಹೋಲಿಕೆಯಲ್ಲಿದೆ. ನೀರಿನ ಬಿಸಿ, ಉಪ್ಪು, ಮೀನಿನ ಗಾತ್ರ, ಮೊಟ್ಟೆಯಿಡುವ ಕಾಲ, ಇವುಗಳಿಂದಲೂ ಎಂಜೈಮ್ ಏರಿಳಿಯುತ್ತದೆ. ಮಳೆಗಾಲದಲ್ಲಿ ಅಳಿವೆ ಬಹುಪಾಲು ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಉಪ್ಪು. ಮೇಲಿನ ಹೊಳೆಯ ಮೀನನ್ನು ಅಳಿವೆಯ ಬಾಯಲ್ಲಿರುವ ತದಡಿಯ ಮೀನಿಗೆ ಹೋಲಿಸಿದರೆ ನೀವು ಅಳೆದದ್ದು ಮಾಲಿನ್ಯವೋ ಉಪ್ಪೋ ಹೇಳೋಕಾಗಲ್ಲ. ಬೇಕಾದ್ದು ಇಷ್ಟು: ಉಪ್ಪಿನಂಶ ಒಂದೇ ಇರುವ ಎರಡು ಗಜನಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ), ಅದರಲ್ಲಿ ಒಂದಕ್ಕೆ ಮಾತ್ರ ತೋಟಕ್ಕೆ ಹೊಡೆದ ಮದ್ದಿನ ನೀರು ಬರುವಂಥದ್ದು, ಒಂದೇ ವಾರದಲ್ಲಿ ಹಿಡಿದ ಒಂದೇ ಜಾತಿಯ ಮೀನು. ಇಂಥ ಜೋಡಿ ಸಿಗದಿದ್ದರೆ ಪ್ರಾಜೆಕ್ಟಿಗೆ ಬೇರೆ ವಿಷಯ ಹುಡುಕೋದು ವಾಸಿ.