ಬಣ್ಣದ ಚಿತ್ರ ಬಿಡಿ, ನಕ್ಷೆಯ ಹಿಂಬದಿ ನೋಡಿ

ಪ್ರಶ್ನೆ: ನಮ್ಮ ಮನೆಗಳ ಹಿಂದಿನ ಖಾಲಿ ಜಾಗದಲ್ಲಿ ದೊಡ್ಡ ಮಳಿಗೆಯೊಂದು ಬರುತ್ತಿದೆ. ನಕ್ಷೆಯನ್ನು ಸಾರ್ವಜನಿಕರು ನೋಡಲು ಇಟ್ಟಿದ್ದಾರೆ, ಸದ್ಯದಲ್ಲೇ ಅಹವಾಲು ಸಭೆ ಇದೆ. ನಮ್ಮಲ್ಲಿ ಯಾರೂ ಎಂಜಿನಿಯರ್ ಅಲ್ಲ. ಹೋಗಿ ಏನು ಕೇಳಬೇಕು? ಮಳಿಗೆಯೇ ಬೇಡ ಅಂದುಬಿಟ್ಟರೆ ಆಗೋದಿಲ್ವಾ?

ಅನ್ನಬಹುದು. ಆದರೆ ಆ ಜಾಗದಲ್ಲಿ ವ್ಯಾಪಾರ ಮಾಡಲು ವಲಯ ನಿಯಮ (ಊರಿನ ಯಾವ ಭಾಗದಲ್ಲಿ ಏನು ಕಟ್ಟಬಹುದು ಎಂದು ಹೇಳುವ ನಿಯಮ) ಮೊದಲೇ ಅವಕಾಶ ಕೊಟ್ಟಿದ್ದರೆ, ನಕ್ಷೆ ಪರಿಶೀಲನೆಯ ಸಭೆಯಲ್ಲಿ ಆ ಮಾತು ಗಾಳಿಗೆ ಹೋಗುತ್ತದೆ. ಅದನ್ನು ಮೊದಲು ವಿಚಾರಿಸಿ. ವಲಯವನ್ನೇ ಬದಲಿಸಲು ಹೊರಟಿದ್ದರೆ 'ಬೇಡ' ಅನ್ನುವುದಕ್ಕೆ ಅದೇ ಸರಿಯಾದ ಹೊತ್ತು. ಬದಲಾವಣೆ ಬೇಕಿಲ್ಲ ಎಂದಾದರೆ ನಿಮ್ಮ ಶಕ್ತಿಯನ್ನೆಲ್ಲ ಮಳಿಗೆ ಆ ಜಾಗದಲ್ಲಿ ಹೇಗೆ ಕೂರಬೇಕು ಅನ್ನುವುದರ ಮೇಲೆ ಹಾಕಿ.

ನಾನು ನಕ್ಷೆ ಬರೆದು ಒಪ್ಪಿಸುವವರ ಸಾಲಿನಲ್ಲೂ ಕೂತಿದ್ದೇನೆ, ಪರಿಶೀಲಿಸುವವರ ಸಾಲಿನಲ್ಲೂ ಕೂತಿದ್ದೇನೆ. ಸಭೆಗೆ ಬರುವವರು ಮೊದಲು ನೋಡುವುದು ಗೋಡೆಗೆ ಅಂಟಿಸಿದ ಬಣ್ಣದ ಚಿತ್ರವನ್ನು. ಅದರಲ್ಲಿ ಮರಗಳು ಆಗಲೇ ಬೆಳೆದು ನಿಂತಿರುತ್ತವೆ. ಒಂದೇ ಒಂದು ಲಾರಿ ಇರುವುದಿಲ್ಲ. ಆ ಚಿತ್ರ ಬರೆದ ಕೈಗಳಲ್ಲಿ ನನ್ನದೂ ಒಂದು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಅದನ್ನು ಸುಮ್ನೆ ನೋಡಿ ಮುಂದೆ ಹೋಗಿ. ಕಟ್ಟುವವರನ್ನು ಕಟ್ಟಿಹಾಕುವುದು ಅಳತೆ ಇರುವ ನಕ್ಷೆ ಮತ್ತು ಅನುಮತಿ ಪತ್ರದ ಷರತ್ತುಗಳು ಮಾತ್ರ.

ನಕ್ಷೆ ಕೈಗೆ ಸಿಕ್ಕರೆ ಮಳಿಗೆಯ ಹಿಂಬದಿಯಿಂದ ಓದಲು ಶುರು ಮಾಡಿ. ಮುಂಭಾಗದ ಚಂದವನ್ನು ಅವರೇ ನೋಡಿಕೊಳ್ಳುತ್ತಾರೆ, ಗಿರಾಕಿ ಬರುವುದು ಅಲ್ಲಿಂದ ತಾನೇ? ನಿಮ್ಮ ಮಲಗುವ ಕೋಣೆಗೆ ಎದುರಾಗುವುದು ಸರಕು ಇಳಿಸುವ ಕಟ್ಟೆ, ಕಸದ ಡಬ್ಬಗಳು, ಶೀತಲ ಯಂತ್ರಗಳು. ಲಾರಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ತಿರುಗುತ್ತದೆ ಎಂದು ಕೇಳಿ. ಲಾರಿಯ ಚಕ್ರಗಳು ಹೋಗುವ ದಾರಿಯನ್ನು ಗೆರೆ ಎಳೆದು ತೋರಿಸುವ ಒಂದು ಹಾಳೆ ಇರಬೇಕು. ಉದ್ದದ ಲಾರಿ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಒಳಗೆ ಸರಿಯುತ್ತವೆ. ಆ ಗೆರೆ ಪಾದಚಾರಿ ದಾರಿಯ ಮೇಲೆ ಹಾದಿದ್ದರೆ ಅಲ್ಲೇ ಬೆರಳಿಡಿ. ಲಾರಿ ಹಿಮ್ಮುಖವಾಗಿ ಬರಲೇಬೇಕಾದ ಜಾಗ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ರಾತ್ರಿ ನಿದ್ದೆ ಕೆಡಿಸುವುದು ಆ 'ಪೀಂ ಪೀಂ' ಸದ್ದೇ.

ಸದ್ದಿನ ಲೆಕ್ಕವೂ ಗೊತ್ತಿರಲಿ. ಬಯಲಿನಲ್ಲಿ ಒಂದು ಯಂತ್ರದಿಂದ ನೀವಿರುವ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ಕಟ್ಟೆಯನ್ನು ಕಟ್ಟಡದ ಇನ್ನೊಂದು ಮೂಲೆಗೆ ಸರಿಸುವುದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಸಾಲಾಗಿ ಗಿಡ ನೆಟ್ಟರೆ ಕಣ್ಣಿಗೆ ಮರೆಯಾಗುತ್ತದೆ, ಕಿವಿಗೆ ಅಷ್ಟೇನೂ ಆಗುವುದಿಲ್ಲ. ಸದ್ದಿಗೆ ಸಂದಿಯಿಲ್ಲದ ಗಟ್ಟಿ ಗೋಡೆಯೇ ಬೇಕು. ಅದೂ ಸದ್ದು ಹುಟ್ಟುವ ಜಾಗ ನಿಮ್ಮ ಕಿಟಕಿಗೆ ಕಾಣದಷ್ಟು ಎತ್ತರ ಇರಬೇಕು.

ಕೇಳುವುದನ್ನೆಲ್ಲ ಷರತ್ತಿನ ರೂಪದಲ್ಲೇ ಕೇಳಿ. 'ತೊಂದರೆ ಆಗದಂತೆ ನೋಡಿಕೊಳ್ಳಿ' ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ, ಮುಗೀತು. 'ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸರಕು ಇಳಿಸಬಾರದು, ಕಾಯುವ ಲಾರಿ ಎಂಜಿನ್ ಆರಿಸಿರಬೇಕು, ನೆಟ್ಟ ಗಿಡ ಸತ್ತರೆ ಬೇರೆ ನೆಡಬೇಕು' ಎಂದು ಬರೆದು ಕೊಟ್ಟರೆ ನಾಳೆ ಯಾರಾದರೂ ಬಂದು ಪರೀಕ್ಷಿಸಬಹುದು.

ಪ್ರಶ್ನೆ: ಹೊಸ ಮಳಿಗೆಗೆ 400 ಕಾರು ನಿಲ್ಲಿಸಲು ಜಾಗ ತೋರಿಸಿದ್ದಾರೆ. ಸಾಲದು, ಇನ್ನೂ ಜಾಸ್ತಿ ಮಾಡಿಸಿ ಎಂದು ಒತ್ತಾಯಿಸಬೇಕಲ್ವಾ? ಇಲ್ಲದಿದ್ದರೆ ಕಾರುಗಳೆಲ್ಲ ನಮ್ಮ ಬೀದಿಗೆ ಬರುತ್ತವೆ.

ನಿಮ್ಮ ಹೆದರಿಕೆ ಅರ್ಥವಾಗುತ್ತದೆ. ಆದರೂ ಈ ಬೇಡಿಕೆ ಇಡುವ ಮುನ್ನ ಒಂದು ಲೆಕ್ಕ ಮಾಡೋಣ. ಒಂದು ಕಾರಿಗೆ, ಅದು ಓಡಾಡುವ ದಾರಿಯೂ ಸೇರಿ, ಸುಮಾರು 25ರಿಂದ 30 ಚದರ ಮೀಟರ್ ಬೇಕು. 400 ಕಾರಿಗೆ ಹತ್ತಿರಹತ್ತಿರ ಒಂದು ಹೆಕ್ಟೇರ್ ಅಥವಾ ಸ್ವಲ್ಪ ಜಾಸ್ತಿ. ಅದನ್ನೆಲ್ಲ ಡಾಂಬರು ಹಾಕಿ ಮುಚ್ಚುತ್ತಾರೆ. ಒಂದು ಹೆಕ್ಟೇರ್ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ಮೊದಲು ಇದರಲ್ಲಿ ಒಂದು ಪಾಲನ್ನು ಮಣ್ಣು ಕುಡಿಯುತ್ತಿತ್ತು. ಇನ್ನು ಮೇಲೆ ಬಹುಪಾಲು ಇಳಿಜಾರು ಹುಡುಕಿಕೊಂಡು ಹೊರಡುತ್ತದೆ. ಆ ಇಳಿಜಾರಿನ ಕೊನೆಯಲ್ಲಿ ಯಾರ ಮನೆ ಇದೆ?

ಹಾಗಾಗಿ ಕಾರಿನ ಸಂಖ್ಯೆಗಿಂತ ಮೊದಲು ನೀರಿನ ಹಾಳೆ ಕೇಳಿ. ನೀರು ತಡೆದು ನಿಲ್ಲಿಸುವ ಹೊಂಡ ಎಲ್ಲಿದೆ, ಎಂಥ ಮಳೆಗೆ ಅದನ್ನು ಲೆಕ್ಕ ಹಾಕಿದ್ದಾರೆ, ಅದು ತುಂಬಿದ ಮೇಲೆ ನೀರು ಯಾವ ಕಡೆ ಹೋಗುತ್ತದೆ, ಹೂಳು ತೆಗೆಯುವವರು ಯಾರು. ಕೊನೆಯ ಪ್ರಶ್ನೆಗೆ ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದನ್ನು ನಾನು ಕಂಡಿದ್ದೇನೆ.

ಇನ್ನು ಪಾರ್ಕಿಂಗ್. ವರ್ಷದ ಅತಿ ಹೆಚ್ಚು ಜನ ಬರುವ ದಿನಕ್ಕೆ ಲೆಕ್ಕ ಹಾಕಿದ ಬಯಲು ಉಳಿದ ದಿನ ಬಣಗುಟ್ಟುತ್ತದೆ. ಇಂತಿಷ್ಟು ಜಾಗ ಕೊಡಲೇಬೇಕು ಅನ್ನುವ ನಿಯಮದಿಂದ ಬೇಕಿರುವುದಕ್ಕಿಂತ ಹೆಚ್ಚು ಪಾರ್ಕಿಂಗ್ ಹುಟ್ಟುತ್ತದೆ, ಅದರ ಖರ್ಚು ಸಾಮಾನಿನ ಬೆಲೆಯಲ್ಲಿ ಸೇರಿ ಕಾರಿಲ್ಲದವರ ತಲೆ ಮೇಲೂ ಬೀಳುತ್ತದೆ ಎಂದು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಅಲ್ಲಿನ ಬಫಲೋ ನಗರ 2017ರಲ್ಲಿ ಆ ಕನಿಷ್ಠ ಸಂಖ್ಯೆಯ ನಿಯಮವನ್ನೇ ತೆಗೆದುಹಾಕಿತು. ಕೊಲರಾಡೋದ ಫೋರ್ಟ್ ಕಾಲಿನ್ಸ್ ನಗರದ್ದು ಇನ್ನೊಂದು ದಾರಿ. ದೊಡ್ಡ ಮಳಿಗೆಗಳಿಗೆಂದೇ ಮಾಡಿದ ನಿಯಮದಲ್ಲಿ, ಪಾರ್ಕಿಂಗ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಮುಂಬದಿ ಮತ್ತು ರಸ್ತೆಯ ನಡುವೆ ಇರಬಾರದು ಎಂದಿತು. ನನಗೆ ಈ ಎರಡನೆಯದು ಇಷ್ಟ. ಬಸ್ಸಿಳಿದು ಬರುವವರು ಕಾರುಗಳ ನಡುವೆ ನುಸುಳಿಕೊಂಡು ಬಾಗಿಲು ಮುಟ್ಟಬೇಕಾಗಿಲ್ಲ.

ನಿಮ್ಮ ಬೀದಿಗೆ ಕಾರು ನುಗ್ಗುವ ಸಮಸ್ಯೆಗೆ ಬೀದಿಯಲ್ಲೇ ಪರಿಹಾರ ಹುಡುಕಿ. ಅಲ್ಲಿ ನಿವಾಸಿಗಳಿಗೆ ಮಾತ್ರ ಜಾಗ ಮೀಸಲಿಡಲು ಕೇಳಿ.

ಪ್ರಶ್ನೆ: ನನ್ನದು ಸಣ್ಣ ಅಂಗಡಿ. ವ್ಯಾಪಾರ ಹೋಗುತ್ತದೆ ಎಂದು ಆಕ್ಷೇಪಣೆ ಹಾಕಬಹುದೇ?

ಹಾಕಬಹುದು, ಆದರೆ ಅದೊಂದನ್ನೇ ನೆಚ್ಚಬೇಡಿ. ಒಬ್ಬರ ಪೈಪೋಟಿಯಿಂದ ಇನ್ನೊಬ್ಬರನ್ನು ಕಾಪಾಡುವುದು ತಮ್ಮ ಕೆಲಸವಲ್ಲ ಎಂದೇ ಬಹಳಷ್ಟು ಪರಿಶೀಲನಾ ಸಮಿತಿಗಳು ಹೇಳುತ್ತವೆ. ಬೇಸರವೇ, ಏನು ಮಾಡೋಣ. ನಿಮ್ಮ ಅಂಗಡಿ ಮುಂದಿನ ಕಾಲುದಾರಿ ಹೊಸ ಮಳಿಗೆಯ ಬಾಗಿಲವರೆಗೂ ಕಡಿಯದೆ ಸೇರಬೇಕು ಎಂದು ಕೇಳಿ. ಅಲ್ಲಿಗೆ ನಡೆದು ಹೋಗುವವರು ನಿಮ್ಮ ಅಂಗಡಿಯನ್ನೂ ನೋಡುತ್ತಾರೆ.

ಪ್ರಶ್ನೆ: ಸಂಚಾರ ವರದಿಯಲ್ಲಿ 'ಗಣನೀಯ ಪರಿಣಾಮವಿಲ್ಲ' ಎಂದಿದೆ. ನಂಬಬಹುದೇ?

ಯಾವ ದಿನ, ಯಾವ ಹೊತ್ತು ವಾಹನ ಎಣಿಸಿದರು ಎಂಬುದನ್ನು ಮೊದಲು ನೋಡಿ. ದೊಡ್ಡ ಮಳಿಗೆಗೆ ರಜೆಯ ದಿನವೇ ಜಾತ್ರೆ. ಎಣಿಕೆ ಕೆಲಸದ ದಿನದ್ದು ಮಾತ್ರ ಆಗಿದ್ದರೆ ರಜಾದಿನದ್ದನ್ನೂ ಕೇಳಿ. ಶಾಲೆಗಳಿಗೆ ರಜೆ ಇದ್ದಾಗ ಎಣಿಸಿದ್ದರೂ ಕೇಳಬೇಕಾದ ಮಾತೇ. 'ಹೇಗಿದ್ದರೂ ಆ ದಾರಿಯಲ್ಲಿ ಹೋಗುವವರೇ ಒಳಗೆ ತಿರುಗುತ್ತಾರೆ' ಎಂದು ಎಷ್ಟು ವಾಹನಗಳನ್ನು ಲೆಕ್ಕದಿಂದ ಕಳೆದಿದ್ದಾರೆ ಎಂಬುದನ್ನೂ ನೋಡಿ. ಸಂಖ್ಯೆ ಸಣ್ಣದಾಗುವುದು ಅಲ್ಲೇ.

ಆಮೇಲೆ ಗೇಟುಗಳು. ನಾಲ್ಕು ರಸ್ತೆ ಸೇರುವ ಸಾಧಾರಣ ಕೂಡುಗೆಯಲ್ಲಿ ವಾಹನಗಳ ದಾರಿ ಒಂದಕ್ಕೊಂದು ಅಡ್ಡ ಬರುವ, ಸೇರುವ, ಬೇರೆಯಾಗುವ ಜಾಗಗಳು 32. ಮೂರು ಕವಲಿನ ಕೂಡುಗೆಯಲ್ಲಿ 9; ಗೇಟು ರಸ್ತೆಗೆ ಸೇರುವ ಜಾಗವೂ ಅಂಥದ್ದೇ. ಎದುರು ವಾಹನಗಳನ್ನು ದಾಟದೆ ಒಂದೇ ಬದಿಗೆ ತಿರುಗಿ ಒಳಹೋಗಿ ಹೊರಬರುವಂತೆ ಮಾಡಿದರೆ ಎರಡಕ್ಕೆ ಇಳಿಯುತ್ತದೆ. ಅದಕ್ಕೇ ಗೇಟು ಎಷ್ಟಿವೆ, ಸಿಗ್ನಲ್‌ನಿಂದ ಎಷ್ಟು ದೂರ ಎನ್ನುವುದು ಮುಖ್ಯ. ಸಿಗ್ನಲ್‌ನಲ್ಲಿ ನಿಂತ ವಾಹನಗಳ ಸಾಲು ಗೇಟಿನವರೆಗೂ ಬೆಳೆಯುತ್ತದೆಯೇ ಎಂದು ವರದಿ ಬರೆದವರನ್ನೇ ಸಭೆಯಲ್ಲಿ ಕೇಳಿ. ಉತ್ತರ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.